ಕೇಳುವ ಕಥೆ, ಕಾಣುವ ಕಥೆ: ಬ್ರಿಟಿಷ್ ಅದ್ಭುತ ಕಥನಗಳ ಮಾಧ್ಯಮಾಂತರ

ಕಥೆ ಹೇಳುವವರು ಇರುವಲ್ಲಿ ಹೂಂಗುಡುವವರೂ ಇರಬೇಕೆಂಬುದು ಮೌಖಿಕ ಪರಂಪರೆಯ ಮೊದಲ ಕಟ್ಟಳೆ. ಅಜ್ಜಿ ಕಥೆ ಹೇಳುವಾಗ ಮಗು ‘ಹೂಂ’ ಎನ್ನುವುದನ್ನು ನಿಲ್ಲಿಸಿದರೆ ಕಥೆಯೂ ಅಲ್ಲಿಗೆ ನಿಲ್ಲುತ್ತದೆ. ಕೇಳುಗನು ಕಥೆಯ ಒಂದು ಪಾಲನ್ನು ತನ್ನ ಮನಸ್ಸಿನಲ್ಲಿ ತಾನೇ ಕಟ್ಟಿಕೊಳ್ಳುತ್ತಿದ್ದಾನೆ ಎಂಬುದಕ್ಕೆ ಆ ಹೂಂಕಾರವೇ ಸಾಕ್ಷಿ. ಮುದ್ರಣ, ಬಾನುಲಿ, ದೂರದರ್ಶನ, ಚಲನಚಿತ್ರ ಎಂಬ ಮಾಧ್ಯಮಗಳನ್ನು ಹಾದು ಬಂದ ಕಥೆಯಲ್ಲಿ ಈ ಕೇಳುಗನ ಪಾಲು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನವು ಕೇಳಲೇಬೇಕಾಗಿದೆ.

ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಅದ್ಭುತ ಕಥನಗಳು ಈ ಪ್ರಶ್ನೆಗೆ ಉತ್ತಮ ಆಕರಗಳನ್ನು ಒದಗಿಸುತ್ತವೆ. ಜೆ.ಆರ್.ಆರ್. ಟೋಲ್ಕಿನ್, ಸಿ.ಎಸ್. ಲೂಯಿಸ್, ಸೂಸನ್ ಕೂಪರ್ ಮೊದಲಾದವರು ಉತ್ತರ ಯೂರೋಪಿನ ಪುರಾಣ, ಐತಿಹ್ಯ ಹಾಗೂ ಕಿನ್ನರ ಕಥೆಗಳ ಆಶಯಗಳನ್ನು ಬಳಸಿಕೊಂಡು ಬರೆದ ಕೃತಿಗಳು ಮೊದಲು ಬಾನುಲಿ ಹಾಗೂ ದೂರದರ್ಶನಗಳಲ್ಲಿ ರೂಪಾಂತರಗೊಂಡವು. 2001ರ ಅನಂತರ ಅಪಾರ ಬಂಡವಾಳದ ಚಲನಚಿತ್ರಗಳಾದವು. ಇವುಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಎರಡು ಅಳತೆಗೋಲುಗಳು ಬಳಕೆಯಲ್ಲಿವೆ. ಮೊದಲನೆಯದು ವೈಭವ: ಹಣವಿಲ್ಲದ ಕಾಲದ ಕೊರತೆಗಳನ್ನು ಹಣವುಳ್ಳ ಚಲನಚಿತ್ರ ತುಂಬಿಕೊಟ್ಟಿತು ಎಂಬ ತೀರ್ಮಾನ. ಎರಡನೆಯದು ನಿಷ್ಠೆ: ಮೂಲದ ಘಟನೆಗಳನ್ನು ಯಾವ ರೂಪಾಂತರ ಹೆಚ್ಚು ಉಳಿಸಿಕೊಂಡಿದೆ ಎಂಬ ಲೆಕ್ಕ. ಈ ಎರಡೂ ಅಳತೆಗಳು ಕಥನವನ್ನು ಸಾಮಗ್ರಿಯೆಂದು ಭಾವಿಸುತ್ತವೆಯೇ ಹೊರತು ಪ್ರದರ್ಶನವೆಂದು ಭಾವಿಸುವುದಿಲ್ಲ. ಹೇಳುವವರು ಯಾರು, ಯಾವುದನ್ನು ಹೇಳಿ ಯಾವುದನ್ನು ಬಿಡುತ್ತಾರೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬ ಮೂರು ಅಂಶಗಳ ನೆಲೆಯಿಂದ ಕೆಲವು ರೂಪಾಂತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಲೇಖಕರ ಸಂಶಯ

ಈ ಕೃತಿಗಳ ಕರ್ತೃಗಳಿಗೇ ದೃಶ್ಯ ಮಾಧ್ಯಮದ ಬಗ್ಗೆ ಸಂಶಯವಿದ್ದಿತು. 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಕಿನ್ನರ ಕಥೆಗಳನ್ನು ಕುರಿತು ನೀಡಿದ, ಮುಂದೆ 1947ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಟೋಲ್ಕಿನ್ ಅವರು ಅದ್ಭುತವು ಮಾತಿನ ಕಲೆಗೆ, ಎಂದರೆ ಸಾಹಿತ್ಯಕ್ಕೆ, ಒಗ್ಗುವಂಥದು; ರಂಗಕ್ಕೆ ಒಗ್ಗುವಂಥದಲ್ಲ ಎಂದು ವಾದಿಸಿದ್ದರು. ರಂಗವು ತಾನೇ ಒಂದು ಮಾಯೆಯನ್ನು ಒಡ್ಡಿಕೊಂಡಿರುವುದರಿಂದ ಅದರೊಳಗೆ ಇನ್ನೊಂದು ಮಾಯೆಯನ್ನು ನಂಬಿಸುವುದು ಕಠಿಣವೆಂಬುದು ಅವರ ವಾದದ ತಿರುಳು.

ಲೂಯಿಸ್ ಅವರ ನಿಲುವು ಇನ್ನೂ ಖಚಿತವಾದುದು. 1959ರ ಡಿಸೆಂಬರಿನಲ್ಲಿ ಬಿಬಿಸಿ ಬಾನುಲಿ ನಿರ್ಮಾಪಕ ಲಾನ್ಸ್ ಸೀವ್ಕಿಂಗ್ ಅವರಿಗೆ ಬರೆದ ಪತ್ರದಲ್ಲಿ ಅವರು ಬಾನುಲಿ ರೂಪಾಂತರವನ್ನು ಒಪ್ಪಿಕೊಂಡರೂ ದೂರದರ್ಶನ ರೂಪವನ್ನು ಸಂಪೂರ್ಣವಾಗಿ ವಿರೋಧಿಸಿದರು. ಮಾತನಾಡುವ ಪ್ರಾಣಿಗಳು ಕಥೆಯಿಂದ ಕಣ್ಣಿಗೆ ಬಂದೊಡನೆ ವಿದೂಷಕರಾಗುತ್ತವೆ ಇಲ್ಲವೇ ದುಃಸ್ವಪ್ನವಾಗುತ್ತವೆ ಎಂಬುದು ಅವರ ಆತಂಕ. ವ್ಯಂಗ್ಯಚಿತ್ರದ ರೂಪವನ್ನು ಬೇಕಾದರೆ ಪರಿಶೀಲಿಸಬಹುದು, ಆದರೆ ಡಿಸ್ನಿಯ ಅಭಿರುಚಿಯ ಬಗ್ಗೆ ತಮಗೆ ನಂಬಿಕೆಯಿಲ್ಲ ಎಂದೂ ಅವರು ಸೂಚಿಸಿದ್ದರು. 1963ರಲ್ಲಿ ಅವರು ತೀರಿಕೊಂಡರು. 1967ರಲ್ಲಿ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಬ್ರಿಟನ್ನಿನ ಐಟಿವಿಯಲ್ಲಿ ಧಾರಾವಾಹಿಯಾಯಿತು. 1988ರಲ್ಲಿ ಬಿಬಿಸಿ ದೂರದರ್ಶನ ಅದನ್ನು ವೇಷಧಾರಿ ನಟರೊಡನೆ ನಿರ್ಮಿಸಿತು. 2005ರ ಚಲನಚಿತ್ರ ಡಿಸ್ನಿ ಸಂಸ್ಥೆಯ ಹೆಸರಿನಲ್ಲಿಯೇ ಬಂದಿತು. ಲೇಖಕನ ಇಚ್ಛೆಗೆ ವಿರುದ್ಧವಾಗಿದೆ ಎಂಬ ಕಾರಣಕ್ಕೆ ಯಾವ ರೂಪಾಂತರವೂ ನಿರಾಕರಣೆಗೆ ಅರ್ಹವಾಗುವುದಿಲ್ಲ. ಆದರೆ ಕೇಳುವುದಕ್ಕೂ ಕಾಣುವುದಕ್ಕೂ ನಡುವೆ ಇರುವ ಗೆರೆಯನ್ನು ಈ ಇಬ್ಬರೂ ಸರಿಯಾದ ಸ್ಥಳದಲ್ಲಿ ಗುರುತಿಸಿದ್ದರು ಎಂಬುದು ಗಮನಾರ್ಹ.

2. ಹೇಳುವವನ ಇರವು

1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಮಕ್ಕಳಿಗೆ ಹೇಳಿದ ಕಥೆಯ ದನಿಯನ್ನು ಕೊನೆಯವರೆಗೂ ಉಳಿಸಿಕೊಂಡ ಕೃತಿ. ನಿರೂಪಕನು ಓದುಗರನ್ನು ನೇರವಾಗಿ ಮಾತನಾಡಿಸುತ್ತಾನೆ, ಮುಂದಿನದನ್ನು ಸೂಚಿಸುತ್ತಾನೆ, ನಡುನಡುವೆ ಹಾಸ್ಯ ಮಾಡುತ್ತಾನೆ. 1968ರಲ್ಲಿ ಬಿಬಿಸಿ ಬಾನುಲಿಯು ಇದನ್ನು ತಲಾ ಅರ್ಧ ಗಂಟೆಯ ಎಂಟು ಕಂತುಗಳಲ್ಲಿ ಪ್ರಸಾರ ಮಾಡಿತು. ರೂಪಾಂತರಕಾರ ಮೈಕೆಲ್ ಕಿಲ್‌ಗ್ಯಾರಿಫ್ ಅವರು ನಿರೂಪಕನನ್ನು ಕಥೆ ಹೊತ್ತು ತರುವವನೆಂಬ ಒಂದು ಪಾತ್ರವನ್ನಾಗಿಯೇ ಉಳಿಸಿಕೊಂಡರು. ಕಥಾನಾಯಕ ಬಿಲ್ಬೊ ಈ ನಿರೂಪಕನ ಮಾತಿಗೆ ಅಡ್ಡ ಬಾಯಿ ಹಾಕುತ್ತಾನೆ, ತಿದ್ದುತ್ತಾನೆ, ತನ್ನ ಪಾಲನ್ನು ಸೇರಿಸುತ್ತಾನೆ. ಹೀಗೆ ಕಥೆಯು ಹೇಳುವವನ ಹಾಗೂ ಅನುಭವಿಸಿದವನ ನಡುವಿನ ಸಂವಾದವಾಗಿ ಬೆಳೆಯುತ್ತದೆ. ಯಕ್ಷಗಾನದಲ್ಲಿ ಭಾಗವತನು ವೇಷಧಾರಿಯನ್ನು ಮಾತನಾಡಿಸುವ, ಮೂಡಲಪಾಯದಲ್ಲಿ ಸಾರಥಿಯು ಪಾತ್ರದ ಹೆಸರು ಊರುಗಳನ್ನು ವಿಚಾರಿಸುವ ಕ್ರಮವನ್ನು ಬಲ್ಲವರಿಗೆ ಈ ರಚನೆಯ ಬಲ ಬೇಗನೆ ಮನವರಿಕೆಯಾಗುತ್ತದೆ. ಹೇಳುವವನು ಕಣ್ಣೆದುರಿಗೆ ಅಥವಾ ಕಿವಿಯೆದುರಿಗೆ ಇರುವವರೆಗೂ ಕೇಳುಗನು ಕಥೆಯೊಳಗೆ ಇದ್ದೂ ಅದರಿಂದ ಹೊರಗಿರುತ್ತಾನೆ.

2012ರಿಂದ 2014ರವರೆಗೆ ಪೀಟರ್ ಜಾಕ್ಸನ್ ಅವರು ಇದೇ ಕಥೆಯನ್ನು ಮೂರು ಚಲನಚಿತ್ರಗಳನ್ನಾಗಿಸಿದರು. ಮೊದಲ ಚಿತ್ರದ ಆರಂಭದಲ್ಲಿ ವೃದ್ಧ ಬಿಲ್ಬೊ ತನ್ನ ಕಥೆಯನ್ನು ಬರೆಯುತ್ತಿರುವಂತೆ ತೋರಿಸಲಾಗಿದ್ದರೂ ಆ ದನಿ ಬೇಗನೆ ಹಿಂದೆ ಸರಿಯುತ್ತದೆ. ಅದರ ಸ್ಥಾನಕ್ಕೆ ಕ್ಯಾಮೆರಾ ಬರುತ್ತದೆ. ಬಾನುಲಿ ರೂಪದ ಒಟ್ಟು ಅವಧಿ ನಾಲ್ಕು ಗಂಟೆ. ಮೂರು ಚಲನಚಿತ್ರಗಳದ್ದು ಸುಮಾರು ಎಂಟು ಗಂಟೆ. ಚಲನಚಿತ್ರಕ್ಕೆ ಕಾಲಾವಕಾಶ ಸಾಲದೆ ಮೂಲವನ್ನು ಕತ್ತರಿಸಬೇಕಾಗುತ್ತದೆ ಎಂಬ ರೂಢಿಯ ಸಮರ್ಥನೆ ಇಲ್ಲಿ ಅನ್ವಯಿಸುವುದಿಲ್ಲ. ಕಾಲ ದ್ವಿಗುಣವಾಗಿಯೂ ಹೇಳುವವನಿಗೆ ಸ್ಥಳವಿಲ್ಲದಂತಾಗಿದೆ. ಸಾಮಾನ್ಯ ಚಲನಚಿತ್ರದ ಇಮ್ಮಡಿ ವೇಗದಲ್ಲಿ, ಸೆಕೆಂಡಿಗೆ 48 ಚೌಕಟ್ಟುಗಳಂತೆ ಚಿತ್ರೀಕರಿಸಿದ್ದು ಪ್ರತಿಯೊಂದು ವಸ್ತುವನ್ನೂ ನಿಚ್ಚಳವಾಗಿ ಕಾಣಿಸಿತು. ಆ ನಿಚ್ಚಳತೆಯಲ್ಲಿ ವೇಷವು ವೇಷವಾಗಿಯೇ, ರಂಗಸಜ್ಜಿಕೆಯು ರಂಗಸಜ್ಜಿಕೆಯಾಗಿಯೇ ತೋರಿತೆಂಬ ಆಕ್ಷೇಪ ಅನೇಕ ಪ್ರೇಕ್ಷಕರಿಂದ ಬಂದಿತು.

3. ಮರೆಯಲ್ಲಿರುವ ಯುದ್ಧ

ಜನಪದ ಕಥೆಯು ವಸ್ತುಗಳನ್ನು ಹೆಸರಿಸುತ್ತದೆಯೇ ಹೊರತು ವರ್ಣಿಸುವುದಿಲ್ಲ ಎಂಬುದು ಸ್ವಿಸ್ ವಿದ್ವಾಂಸ ಮ್ಯಾಕ್ಸ್ ಲ್ಯೂಥಿ ಅವರು 1947ರ ತಮ್ಮ ಗ್ರಂಥದಲ್ಲಿ ಗುರುತಿಸಿದ ಲಕ್ಷಣ. ಕಾಡು ಎಂದರೆ ಕಾಡು, ಅರಮನೆ ಎಂದರೆ ಅರಮನೆ; ಉಳಿದುದು ಕೇಳುಗನಿಗೆ ಸೇರಿದ್ದು. ಬಾನುಲಿಯು ಸ್ವಭಾವತಃ ಈ ಹೆಸರಿಸುವ ಕ್ರಮಕ್ಕೆ ಹತ್ತಿರವಾದುದು. ಕ್ಯಾಮೆರಾ ಹೆಸರಿಸಲಾರದು, ಅದು ಒಂದು ನಿರ್ದಿಷ್ಟ ಕಾಡನ್ನೇ, ಒಂದು ನಿರ್ದಿಷ್ಟ ಅರಮನೆಯನ್ನೇ ತೋರಿಸಬೇಕು. ಈ ವ್ಯತ್ಯಾಸವು ಯುದ್ಧದ ಸನ್ನಿವೇಶಗಳಲ್ಲಿ ಎದ್ದು ಕಾಣುತ್ತದೆ.

‘ದಿ ಹಾಬಿಟ್’ ಕಾದಂಬರಿಯ ಕೊನೆಯ ಯುದ್ಧದಲ್ಲಿ ಬಿಲ್ಬೊ ತಲೆಗೆ ಕಲ್ಲೇಟು ಬಿದ್ದು ಪ್ರಜ್ಞೆ ತಪ್ಪುತ್ತಾನೆ. ಯುದ್ಧ ಮುಗಿದ ಬಗೆಯನ್ನು ಅನಂತರ ಇತರರಿಂದ ತಿಳಿಯುತ್ತಾನೆ. 1950ರಲ್ಲಿ ಪ್ರಕಟವಾದ ಲೂಯಿಸ್ ಅವರ ಕೃತಿಯಲ್ಲಿಯೂ ಯುದ್ಧದ ಬಹುಭಾಗ ಮರೆಯಲ್ಲಿ ನಡೆಯುತ್ತದೆ. ಎಡ್ಮಂಡ್ ಮಾಟಗಾತಿಯ ಮಂತ್ರದಂಡವನ್ನು ಮುರಿದ ಸಾಹಸವನ್ನು ಅವನ ಅಣ್ಣ ಪೀಟರ್ ಬಾಯಿಮಾತಿನಲ್ಲಿ ಹೇಳುತ್ತಾನೆ. ತಮ್ಮನ ದ್ರೋಹವನ್ನು ಕಂಡಿದ್ದ ಅಣ್ಣನೇ ಅವನ ಶೌರ್ಯಕ್ಕೆ ಸಾಕ್ಷಿ ನುಡಿಯುವುದರಿಂದ ಆ ಮಾತಿಗೆ ಕ್ಷಮೆಯ ತೂಕ ಬರುತ್ತದೆ. 2005ರ ಚಲನಚಿತ್ರವು ಈ ಯುದ್ಧವನ್ನು ವಿಸ್ತಾರವಾದ ಬಯಲಿನಲ್ಲಿ ಸಾವಿರಾರು ಜೀವಿಗಳೊಡನೆ ಕಣ್ಣೆದುರಿಗೇ ನಡೆಸುತ್ತದೆ. ಎಡ್ಮಂಡನ ಸಾಹಸ ಎಲ್ಲರಿಗೂ ಕಾಣುತ್ತದೆ. ಅದನ್ನು ಹೇಳಬೇಕಾದ ಅಣ್ಣನ ಮಾತು ಅನಗತ್ಯವಾಗುತ್ತದೆ. ‘ಹಾಬಿಟ್’ ಸರಣಿಯ ಮೂರನೆಯ ಚಿತ್ರಕ್ಕಂತೂ ಯುದ್ಧದ ಹೆಸರನ್ನೇ ಇಡಲಾಗಿದೆ. ಕಥೆಯು ಮರೆಯಲ್ಲಿಟ್ಟದ್ದನ್ನು ಮುಂದಕ್ಕೆ ತರುವುದು ಬೃಹತ್ ಚಲನಚಿತ್ರದ ಸ್ಥಾಯಿ ಪ್ರವೃತ್ತಿಯೆಂದು ಈ ನಿದರ್ಶನಗಳಿಂದ ಹೇಳಬಹುದು.

ಬಾನುಲಿಯು ಇದೇ ಸಮಸ್ಯೆಯನ್ನು ಹೇಗೆ ಬಿಡಿಸಿತೆಂಬುದಕ್ಕೆ 1981ರಲ್ಲಿ ಬಿಬಿಸಿ ರೇಡಿಯೋ 4 ಪ್ರಸಾರ ಮಾಡಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಹತ್ವದ ನಿದರ್ಶನ. ಬ್ರಿಯನ್ ಸಿಬ್ಲಿ ಹಾಗೂ ಮೈಕೆಲ್ ಬೇಕ್‌ವೆಲ್ ಅವರು ರೂಪಾಂತರಿಸಿದ ಈ ಧಾರಾವಾಹಿ ಅರ್ಧ ಗಂಟೆಯ 26 ಕಂತುಗಳಲ್ಲಿ ಬಂದಿತು. ಪೆಲೆನೋರ್ ಬಯಲಿನ ಮಹಾಯುದ್ಧವನ್ನು ಖಡ್ಗಗಳ ಸದ್ದಿನಿಂದ ಮಾತ್ರ ತುಂಬದೆ, ಅದರ ಒಂದು ಭಾಗವನ್ನು ಹಾಡಿನ ಮೂಲಕ ನಿರೂಪಿಸಲಾಯಿತು. ಸ್ಟೀಫನ್ ಆಲಿವರ್ ಅವರ ಸಂಗೀತದಲ್ಲಿ ಯುದ್ಧವು ಗಾಯಕನ ಬಾಯಿಂದ ಬರುವ ವೀರಗೀತೆಯಾಯಿತು. ಸ್ಟುಡಿಯೋದಲ್ಲಿ ಸೈನ್ಯವನ್ನು ತುಂಬಲಾಗದ ಮಿತಿಯೇ ಇಲ್ಲಿ ಪ್ರಾಚೀನ ಉಪಾಯವೊಂದನ್ನು ಮರಳಿ ತಂದಿತು. ಕಂಸಾಳೆಯವರಾಗಲಿ ನೀಲಗಾರರಾಗಲಿ ಬೆರಳೆಣಿಕೆಯ ಜನ ಕುಳಿತು ದೊಡ್ಡ ಕಾಳಗಗಳನ್ನು ನಡೆಸುವುದು ಇದೇ ಉಪಾಯದಿಂದ.

ಅದೇ ಯುದ್ಧವನ್ನು 2003ರ ಚಲನಚಿತ್ರವು ಗಣಕಯಂತ್ರದಿಂದ ಸೃಷ್ಟಿಸಿದ ಅಸಂಖ್ಯ ಯೋಧರಿಂದ ತುಂಬಿತು. ಗುಂಪಿನ ಪ್ರತಿಯೊಬ್ಬ ಯೋಧನೂ ತನ್ನ ಸುತ್ತಲನ್ನು ಗ್ರಹಿಸಿ ತಾನೇ ಚಲಿಸುವಂತೆ ಮಾಡುವ ‘ಮ್ಯಾಸಿವ್’ ಎಂಬ ತಂತ್ರಾಂಶವನ್ನು ಈ ಚಿತ್ರಗಳಿಗಾಗಿಯೇ ರೂಪಿಸಲಾಗಿತ್ತು. ಅದು ಅಸಾಧಾರಣ ಸಾಧನೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹಾಡಾದ ಯುದ್ಧ ಆಗಲೇ ನೆನಪಾಗಿ ಮಾರ್ಪಟ್ಟಿರುತ್ತದೆ. ಸತ್ತವರನ್ನು ಕುರಿತು ಬದುಕಿದವರು ಹಾಡುತ್ತಿದ್ದಾರೆ ಎಂಬ ಅರಿವು ಆ ಹಾಡಿನೊಳಗಿದೆ. ತೆರೆಯ ಮೇಲಿನ ಯುದ್ಧ ಪ್ರತಿ ಸಲವೂ ವರ್ತಮಾನದ ಘಟನೆ. ಈ ಕಾಲಭೇದವೇ ವೀರಗೀತೆಗೂ ಯುದ್ಧದೃಶ್ಯಕ್ಕೂ ಇರುವ ಮುಖ್ಯ ಅಂತರ.

4. ಮರಳುವಿಕೆಯ ಆಶಯ

ಜಾಕ್ಸನ್ ಅವರ 2001ರಿಂದ 2003ರವರೆಗಿನ ಮೂರು ಚಿತ್ರಗಳ ಒಟ್ಟು ಅವಧಿ ಒಂಬತ್ತು ಗಂಟೆಗೂ ಹೆಚ್ಚು; ಬಾನುಲಿ ರೂಪದ್ದು ಹದಿಮೂರು ಗಂಟೆ. ಟಾಮ್ ಬೊಂಬಾಡಿಲ್ ಎಂಬ ವಿಚಿತ್ರ ವನಪುರುಷನ ಪ್ರಸಂಗವನ್ನು ಎರಡೂ ಕೈಬಿಟ್ಟಿವೆ. ಆದ್ದರಿಂದ ನಿಷ್ಠೆಯ ಲೆಕ್ಕದಲ್ಲಿ ಬಾನುಲಿಯನ್ನು ನಿರ್ದೋಷಿಯೆನ್ನಲಾಗದು. ಆದರೆ ಕಥೆಯ ಕೊನೆಯಲ್ಲಿ ಬರುವ ಒಂದು ಭಾಗವನ್ನು ಬಾನುಲಿ ಉಳಿಸಿಕೊಂಡಿತು, ಚಲನಚಿತ್ರ ಬಿಟ್ಟಿತು. ಲೋಕವನ್ನು ಉಳಿಸಿ ಮರಳಿದ ಹಾಬಿಟ್‌ಗಳು ತಮ್ಮ ಊರೇ ಪರರ ವಶವಾಗಿರುವುದನ್ನು ಕಾಣುತ್ತಾರೆ. ಊರ ಬಾಗಿಲಲ್ಲಿ ಅವರನ್ನು ತಡೆಯಲಾಗುತ್ತದೆ. ಮರಗಳನ್ನು ಕಡಿದು ಹಾಕಲಾಗಿದೆ. ಈಗ ಯಾವ ಮಾಂತ್ರಿಕನ ನೆರವೂ ಇಲ್ಲದೆ ಅವರೇ ಊರನ್ನು ಬಿಡಿಸಿಕೊಳ್ಳಬೇಕು.

ರಷ್ಯದ ವ್ಲಾದಿಮಿರ್ ಪ್ರಾಪ್ ಅವರು 1928ರಲ್ಲಿ ಅದ್ಭುತ ಕಥೆಗಳ 31 ಕಾರ್ಯಗಳನ್ನು ಪಟ್ಟಿ ಮಾಡಿದಾಗ, ನಾಯಕನು ಗುರುತು ಹತ್ತದಂತೆ ಮನೆಗೆ ಮರಳುವುದನ್ನೂ, ಅಲ್ಲಿ ಸುಳ್ಳು ಹಕ್ಕುದಾರನನ್ನು ಎದುರಿಸುವುದನ್ನೂ, ಮತ್ತೊಂದು ಕಠಿಣ ಪರೀಕ್ಷೆಗೆ ಒಳಗಾಗುವುದನ್ನೂ ಅದರಲ್ಲಿ ಸೇರಿಸಿದ್ದರು. ಹೊರಗೆ ಗೆದ್ದವನು ಮನೆಯಲ್ಲಿಯೂ ಗೆಲ್ಲಬೇಕೆಂಬುದು ಈ ಕಥೆಗಳ ಆಂತರಿಕ ನಿಯಮ. ಚಲನಚಿತ್ರದಲ್ಲಿ ಊರು ಹೋದಾಗ ಇದ್ದಂತೆಯೇ ಹಸುರಾಗಿ ಕಾದಿರುತ್ತದೆ. ಅದು ಸುಡುವ ಚಿತ್ರ ಮೊದಲ ಭಾಗದಲ್ಲಿ ಗಲಾಡ್ರಿಯಲ್ ರಾಣಿಯ ನೀರ್ಗನ್ನಡಿಯಲ್ಲಿ ಒಂದು ಕ್ಷಣ ಮಾತ್ರ ಸುಳಿದುಹೋಗುತ್ತದೆ. ಮಹಾಯುದ್ಧವನ್ನು ಅಷ್ಟು ಎತ್ತರಕ್ಕೆ ಒಯ್ದ ಮೇಲೆ ಊರ ಬಾಗಿಲಿನ ಸಣ್ಣ ಜಗಳವನ್ನು ತೋರಿಸುವುದು ಆ ಮಾಧ್ಯಮದ ಲಯಕ್ಕೆ ಒಗ್ಗಲಾರದು. ಹದಿಮೂರು ಗಂಟೆಗಳ ಕಂತುಕಥೆಗೆ ಅಂಥ ಇಳಿಜಾರಿನ ಭಯವಿರಲಿಲ್ಲ.

ಆದರೂ ಈ ಎರಡು ರೂಪಗಳ ನಡುವೆ ಪರಂಪರೆಯ ಕೊಂಡಿಯೂ ಉಂಟು. 1981ರಲ್ಲಿ ಫ್ರೋಡೊನ ದನಿಯಾಗಿದ್ದ ಇಯನ್ ಹೋಮ್ ಅವರು 2001ರ ಚಿತ್ರದಲ್ಲಿ ವೃದ್ಧ ಬಿಲ್ಬೊ ಆಗಿ ಉಂಗುರವನ್ನು ಹೊಸ ಫ್ರೋಡೊನಿಗೆ ಬಿಟ್ಟುಕೊಡುತ್ತಾರೆ. ಗೊಲ್ಲಮ್‌ನ ಪಾತ್ರಕ್ಕೆ ಬಾನುಲಿಯಲ್ಲಿ ಪೀಟರ್ ವುಡ್‌ಥಾರ್ಪ್ ಅವರ ದನಿಯೇ ಒಡಲಾಗಿದ್ದಿತು. ಚಲನಚಿತ್ರದಲ್ಲಿ ಆಂಡಿ ಸರ್ಕಿಸ್ ಅವರ ಚಲನೆಗಳನ್ನು ದಾಖಲಿಸಿ ಗಣಕದ ದೇಹಕ್ಕೆ ಅಳವಡಿಸಲಾಯಿತು. ತಂತ್ರಜ್ಞಾನವು ನಟನ ದನಿ ಮತ್ತು ಉಸಿರಿನ ಬೆನ್ನು ಹತ್ತಿ ನಡೆದಾಗ ಚಲನಚಿತ್ರವೂ ಕೇಳುವ ಕಥೆಯ ಬಲವನ್ನು ಪಡೆಯಬಲ್ಲುದೆಂಬುದಕ್ಕೆ ಈ ಪಾತ್ರವೇ ನಿದರ್ಶನ.

5. ಕಾಣುವ ವೇಷ, ಕಂತಿನ ಬಿಡುವು

ಬಾನುಲಿಗೂ ಚಲನಚಿತ್ರಕ್ಕೂ ನಡುವಿನ ಸ್ಥಾನ ದೂರದರ್ಶನದ್ದು. 1988ರಲ್ಲಿ ಆರು ಕಂತುಗಳಲ್ಲಿ ಬಂದ ಬಿಬಿಸಿಯ ನಾರ್ನಿಯಾ ಧಾರಾವಾಹಿಯಲ್ಲಿ ಬೀವರ್ ಪ್ರಾಣಿಗಳಾಗಿ ಮನುಷ್ಯರೇ ವೇಷ ತೊಟ್ಟಿದ್ದಾರೆ; ಅಸ್ಲನ್ ಎಂಬ ಸಿಂಹವು ಒಳಗಿನಿಂದ ಇಬ್ಬರು ನಡೆಸುವ ದೊಡ್ಡ ಗೊಂಬೆ; ಕೆಲವು ಅದ್ಭುತ ಜೀವಿಗಳು ಕೈಯಿಂದ ಬರೆದ ಚಲಿಸುವ ಚಿತ್ರಗಳು. ಇಂದಿನ ಕಣ್ಣಿಗೆ ಇವು ಕೃತಕವಾಗಿ ತೋರುವುದು ಸಹಜ. ಲೂಯಿಸ್ ಅವರ ಆತಂಕ ಇಲ್ಲಿ ಕೆಲಮಟ್ಟಿಗೆ ನಿಜವೂ ಆಗಿದೆ. ಆದರೆ ವೇಷವು ತನ್ನನ್ನು ವೇಷವೆಂದು ಮುಚ್ಚಿಕೊಳ್ಳದಿರುವಾಗ ನೋಡುಗನು ಮನಸ್ಸಿನಿಂದ ಅದನ್ನು ಪೂರ್ಣಗೊಳಿಸುತ್ತಾನೆ. 2005ರ ಚಿತ್ರದ ಸಿಂಹವು ಕೂದಲೆಳೆಯವರೆಗೂ ಸಿಂಹವೇ ಆಗಿರುವುದರಿಂದ ಅಂಥ ಕೆಲಸ ನೋಡುಗನಿಗೆ ಉಳಿಯುವುದಿಲ್ಲ.

ಕಂತಿನ ಬಿಡುವೂ ಗಮನಿಸಬೇಕಾದ ಅಂಶ. ವಾರಕ್ಕೊಮ್ಮೆ ಭಾನುವಾರ ಸಂಜೆ ಮನೆಮಂದಿಯೆಲ್ಲ ಕುಳಿತು ನೋಡಿದ ಕಂತು ಮುಗಿದ ಮೇಲೆ ಉಳಿದ ಆರು ದಿನ ಕಥೆಯು ಮಕ್ಕಳ ಬಾಯಲ್ಲಿ ಬೆಳೆಯುತ್ತದೆ. ಆ ಬಿಡುವು ಕೂಡ ಒಂದು ಬಗೆಯ ಹೂಂಕಾರವೇ. ಬಿಬಿಸಿಯು 1990ರ ಹೊತ್ತಿಗೆ ಈ ಮಾಲೆಯ ನಾಲ್ಕು ಕಾದಂಬರಿಗಳನ್ನು ತೆರೆಗೆ ತಂದಿತು. ಸುಮಾರು 18 ಕೋಟಿ ಡಾಲರ್ ವೆಚ್ಚದಲ್ಲಿ ಆರಂಭವಾದ ಚಲನಚಿತ್ರ ಸರಣಿಯು 2010ರ ಮೂರನೆಯ ಚಿತ್ರಕ್ಕೆ ನಿಂತಿತು. ಚಲನಚಿತ್ರದ ಪಾಲಿಗೆ ಸಲ್ಲಬೇಕಾದ ಶ್ರೇಯವೂ ಉಂಟು: ಮೂಲದಲ್ಲಿ ಒಂದೇ ವಾಕ್ಯದಲ್ಲಿ ಬರುವ ಲಂಡನ್ ಬಾಂಬ್ ದಾಳಿಯನ್ನು ಅದು ಆರಂಭದಲ್ಲಿಯೇ ತೋರಿಸಿ, ಮಕ್ಕಳು ಮನೆ ಬಿಟ್ಟು ಬಂದುದರ ಭಯವನ್ನು ಇಂದಿನ ನೋಡುಗರಿಗೆ ಮುಟ್ಟಿಸಿತು.

6. ಕಥೆಯ ಹೊತ್ತು

ಇಂಥ ಕಥೆಯನ್ನು ಇಂಥ ಹೊತ್ತಿನಲ್ಲಿಯೇ ಹೇಳಬೇಕೆಂಬ ನಿಯಮ ಲೋಕದ ಅನೇಕ ಜನಪದ ಸಮುದಾಯಗಳಲ್ಲಿದೆ. 1984ರಲ್ಲಿ ಬಿಬಿಸಿಯು ಜಾನ್ ಮೇಸ್‌ಫೀಲ್ಡ್ ಅವರ ‘ದಿ ಬಾಕ್ಸ್ ಆಫ್ ಡಿಲೈಟ್ಸ್’ ಕೃತಿಯನ್ನು ಆರು ಕಂತುಗಳಲ್ಲಿ ಪ್ರಸಾರ ಮಾಡಿ, ಕ್ರಿಸ್‌ಮಸ್ ಮುನ್ನಾದಿನದಂದು ಮುಗಿಯುವ ಆ ಕಥೆಯ ಕೊನೆಯ ಕಂತನ್ನು ಡಿಸೆಂಬರ್ 24ರಂದೇ ತೋರಿಸಿತು.

ಸೂಸನ್ ಕೂಪರ್ ಅವರ 1973ರ ‘ದಿ ಡಾರ್ಕ್ ಈಸ್ ರೈಸಿಂಗ್’ ಕಾದಂಬರಿಯಲ್ಲಿ ಈ ಕಾಲಬದ್ಧತೆ ಇನ್ನೂ ಆಳವಾದುದು. ಕಥೆಯು ದೀರ್ಘ ಇರುಳಿನ ದಿನಗಳಾದ ಡಿಸೆಂಬರಿನ ನಡುಚಳಿಗಾಲದಲ್ಲಿ, ಥೇಮ್ಸ್ ನದಿ ಬಯಲಿನ ಹಳ್ಳಿಯೊಂದರಲ್ಲಿ ಆರಂಭವಾಗಿ ಕ್ರಿಸ್‌ಮಸ್‌ನ ಹನ್ನೆರಡನೆಯ ರಾತ್ರಿಯವರೆಗೆ ಸಾಗುತ್ತದೆ. ಏಳನೆಯ ಮಗನ ಏಳನೆಯ ಮಗ, ರೆನ್ ಹಕ್ಕಿಯ ಬೇಟೆಯ ಮೆರವಣಿಗೆ, ಕೊಂಬುಳ್ಳ ಬೇಟೆಗಾರ ಹರ್ನ್ ಮೊದಲಾದ ಇಂಗ್ಲಿಷ್ ಜನಪದ ನಂಬಿಕೆಗಳು ಕಥೆಯ ಎಲುಬುಗಳಾಗಿವೆ. 2007ರಲ್ಲಿ ಬಂದ ಚಲನಚಿತ್ರವು ಹನ್ನೊಂದು ವರ್ಷದ ಇಂಗ್ಲಿಷ್ ಬಾಲಕನನ್ನು ಹದಿನಾಲ್ಕು ತುಂಬುವ ಅಮೆರಿಕನ್ ಹುಡುಗನನ್ನಾಗಿಸಿತು. ಕಳೆದುಹೋದ ಅವಳಿ ಸೋದರನೊಬ್ಬನನ್ನು ಹೊಸದಾಗಿ ಸೃಷ್ಟಿಸಿತು. ಚಿತ್ರೀಕರಣದ ಬಹುಭಾಗ ರುಮೇನಿಯದಲ್ಲಿ ನಡೆಯಿತು. ಎಲ್ಲ ದೇಶಗಳಲ್ಲಿಯೂ ಸಲ್ಲಬೇಕೆಂಬ ಒತ್ತಡದಲ್ಲಿ ಕಥೆಯು ಯಾವ ನೆಲಕ್ಕೂ ಸೇರದಂತಾಯಿತು.

2022ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಇದನ್ನು ಹನ್ನೆರಡು ಕಂತುಗಳ ಶ್ರಾವ್ಯನಾಟಕವಾಗಿ ಪ್ರಸಾರ ಮಾಡಿತು. ರೂಪಾಂತರಕಾರರು ಸೈಮನ್ ಮೆಕ್‌ಬರ್ನಿ ಹಾಗೂ ರಾಬರ್ಟ್ ಮ್ಯಾಕ್‌ಫರ್ಲೇನ್. ಕಾದಂಬರಿಯ ಕಾಲಕ್ಕೆ ಅನುಗುಣವಾಗಿ ಡಿಸೆಂಬರ್ 20ರಂದು ಮೊದಲ ಕಂತು ಬಂದಿತು. ಕಿವಿಗೆ ಸಾಧನವಿಟ್ಟು ಕೇಳಿದಾಗ ಸದ್ದುಗಳು ಸುತ್ತಲಿನಿಂದಲೂ ಬರುವಂತೆ ಧ್ವನಿಮುದ್ರಣ ಮಾಡಲಾಗಿತ್ತು. ಹಿಮ, ಕಾಗೆ, ಬಾಗಿಲ ಸದ್ದುಗಳು ಕೇಳುಗನ ಕೋಣೆಯ ಕತ್ತಲೆಯೊಡನೆ ಬೆರೆತವು. ಲೋಕದ ಎಲ್ಲೆಡೆ ಕೇಳಿದ ಈ ಪ್ರಸಾರವು ತನ್ನ ನೆಲವನ್ನೂ ಹೊತ್ತನ್ನೂ ಬಿಟ್ಟುಕೊಡಲಿಲ್ಲ. ಲೋಕಕ್ಕೆ ತಲುಪಬೇಕಾದರೆ ಸ್ಥಳೀಯತೆಯನ್ನು ತೊರೆಯಬೇಕೆಂಬ ಚಲನಚಿತ್ರೋದ್ಯಮದ ಲೆಕ್ಕಾಚಾರಕ್ಕೆ ಇದು ಸಮರ್ಪಕ ಉತ್ತರ.

7. ಹಣ, ಮಾಧ್ಯಮ, ಒಪ್ಪಂದ

ಇಷ್ಟರಿಂದ ಬಡತನವೇ ಕಲೆಯ ಗುಣವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಫಿಲಿಪ್ ಪುಲ್‌ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಕಾದಂಬರಿತ್ರಯದ ಉದಾಹರಣೆಯನ್ನು ನೋಡಬಹುದು. 2007ರ ಚಲನಚಿತ್ರವು ಮೊದಲ ಕಾದಂಬರಿಯ ಕಹಿಯಾದ ಅಂತ್ಯವನ್ನು ಚಿತ್ರೀಕರಿಸಿಯೂ ಕೈಬಿಟ್ಟು, ಆಶಾದಾಯಕ ಘಟ್ಟದಲ್ಲಿ ನಿಂತಿತು. ಮುಂದಿನ ಭಾಗಗಳು ಬರಲೇ ಇಲ್ಲ. 2019ರಿಂದ 2022ರವರೆಗೆ ಬಿಬಿಸಿಯು ಅಮೆರಿಕದ ಎಚ್‌ಬಿಒ ಜೊತೆಗೂಡಿ ಮೂರು ಸರಣಿಗಳಲ್ಲಿ ಮೂರು ಕಾದಂಬರಿಗಳನ್ನೂ ಪೂರ್ಣಗೊಳಿಸಿತು. ಇದು ಅಗ್ಗದ ನಿರ್ಮಾಣವಾಗಿರಲಿಲ್ಲ. ಗಣಕದ ಪ್ರಾಣಿಗಳು ಇಲ್ಲಿಯೂ ಇವೆ. ಹಾಗಿದ್ದರೂ ಕಥೆಗೆ ತನ್ನ ಗತಿಯಲ್ಲಿ ನಡೆಯಲು ಅವಕಾಶ ದೊರೆಯಿತು. ಆದ್ದರಿಂದ ಭೇದದ ಮೂಲವು ಹಣದ ಮೊತ್ತಕ್ಕಿಂತ ಹಣವು ವಿಧಿಸುವ ಒಪ್ಪಂದದಲ್ಲಿದೆ. ಬಿಡುಗಡೆಯ ಮೊದಲ ವಾರಗಳಲ್ಲಿಯೇ ಬಂಡವಾಳ ಮರಳಬೇಕಾದ ಚಿತ್ರಕ್ಕೆ ಸಂದಿಗ್ಧ ಅಂತ್ಯ, ಸ್ಥಳೀಯ ನಂಬಿಕೆ, ಮರೆಯ ಯುದ್ಧ ಎಲ್ಲವೂ ಅಪಾಯಕರ. ಬ್ರಿಟನ್ನಿನ ಮನೆಗಳಿಂದ ಬರುವ ಪರವಾನಗಿ ಶುಲ್ಕದ ಆಧಾರದಲ್ಲಿ ಬೆಳೆದ ಪ್ರಸಾರ ಸಂಸ್ಥೆಗೆ ಆ ಒತ್ತಡ ಕಡಿಮೆ.

ಎ.ಕೆ. ರಾಮಾನುಜನ್ ಅವರು ರಾಮಾಯಣಗಳನ್ನು ಕುರಿತು ಬರೆಯುವಾಗ ಮೂಲ ಮತ್ತು ಪಾಠಾಂತರ ಎಂಬ ಶ್ರೇಣಿಯನ್ನು ಬಿಟ್ಟು, ಪ್ರತಿಯೊಂದನ್ನೂ ಒಂದು ಹೇಳಿಕೆಯೆಂದು ಭಾವಿಸುವ ದೃಷ್ಟಿಯನ್ನು ಮುಂದಿಟ್ಟರು. ಆ ದೃಷ್ಟಿಯಿಂದ ನೋಡಿದರೆ ಜಾಕ್ಸನ್ ಅವರ ಚಿತ್ರಗಳೂ ಸಿಬ್ಲಿ ಅವರ ಬಾನುಲಿಯೂ ಸಮಾನ ಗೌರವದ ಹೇಳಿಕೆಗಳು. ಒಂದು ಹೇಳಿಕೆಯು ಉಳಿದವುಗಳನ್ನು ಮರೆಯಿಸುವಷ್ಟು ಪ್ರಬಲವಾದಾಗ ಮಾತ್ರ ತೊಡಕು ಹುಟ್ಟುತ್ತದೆ. 2001ರ ಅನಂತರ ಹುಟ್ಟಿದ ಓದುಗನಿಗೆ ಫ್ರೋಡೊನ ಮುಖ ಒಂದೇ, ಮೊರ್ಡೋರಿನ ಬೆಟ್ಟ ಒಂದೇ. ಪುಸ್ತಕವನ್ನು ತೆರೆಯುವ ಮೊದಲೇ ಅವನ ಪಾಲಿನ ಕೆಲಸ ಮುಗಿದಿರುತ್ತದೆ.

ಇದಕ್ಕೆ ಎದುರಾಗಿ ಕೇಳುವ ರೂಪಗಳು ಎಷ್ಟು ಸುಲಭವಾಗಿ ಅಳಿಯುತ್ತವೆ ಎಂಬುದನ್ನೂ ನೆನೆಯಬೇಕು. 1955 ಮತ್ತು 1956ರಲ್ಲಿ ಟೆರೆನ್ಸ್ ಟಿಲ್ಲರ್ ಅವರು ಬಿಬಿಸಿಗಾಗಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ಮೊದಲ ಬಾರಿಗೆ ಹನ್ನೆರಡು ಕಂತುಗಳ ಬಾನುಲಿ ನಾಟಕವನ್ನಾಗಿಸಿದರು. ಅದರ ಧ್ವನಿಮುದ್ರಣ ಉಳಿದಿಲ್ಲ. ಅದರ ಹಸ್ತಪ್ರತಿಗಳು ಬಿಬಿಸಿಯ ಲಿಖಿತ ದಾಖಲೆಗಳ ಭಂಡಾರದಲ್ಲಿ ಪತ್ತೆಯಾದ ಸುದ್ದಿ 2022ರಲ್ಲಿ ಹೊರಬಂದಿತು. ಮಾತುಗಳು ದೊರೆತವು, ದನಿ ದೊರೆಯಲಿಲ್ಲ. ಧಾಟಿಯನ್ನು ದಾಖಲಿಸದೆ ಸಾಹಿತ್ಯವನ್ನು ಮಾತ್ರ ಅಚ್ಚು ಮಾಡಿದ ಕನ್ನಡದ ಅನೇಕ ಜನಪದ ಗೀತ ಸಂಕಲನಗಳ ಸ್ಥಿತಿಯೂ ಇದೇ. ಕೋಟ್ಯಂತರ ಡಾಲರ್‌ಗಳ ಚಲನಚಿತ್ರವನ್ನು ಅದರ ಮಾಲೀಕರೇ ಕಾಪಾಡಿಕೊಳ್ಳುತ್ತಾರೆ. ಒಂದು ಸಂಜೆ ಗಾಳಿಯಲ್ಲಿ ಬಂದು ಹೋದ ದನಿಯನ್ನು ಕಾಪಾಡುವ ಹೊಣೆ ಗ್ರಂಥಾಲಯಗಳದ್ದು, ಸಂಗ್ರಹಾಲಯಗಳದ್ದು ಹಾಗೂ ಕ್ಷೇತ್ರಕಾರ್ಯ ನಡೆಸುವ ಸಂಶೋಧಕರದ್ದು. ಹೇಳುವವನ ದನಿ ಉಳಿದಲ್ಲಿ ಮಾತ್ರ ಮುಂದಿನ ಕೇಳುಗನು ಅದಕ್ಕೆ ಹೂಂಗುಡಬಲ್ಲನು.